ದ್ವೀಪದ ದಾರಿಯಲ್ಲಿ ಬರುವ ಮೆಣಸು



ಕಾಳುಮೆಣಸಿನ ಧಾರಣೆ ಇಳಿಮುಖವಾದಾಗಲೆಲ್ಲ ಸಂಘದ ಕಚೇರಿಗೆ ಬರುವ ಸದಸ್ಯರು ಕೇಳುವ ಮಾತು ಒಂದೇ: “ಶ್ರೀಲಂಕಾದ ಸಂಗಡ ಅದೇನೋ ಒಡಂಬಡಿಕೆ ಇದೆಯಂತಲ್ಲ, ಅದರಿಂದಲೇ ಬೆಲೆ ಬಿದ್ದಿತಂತೆ, ಹೌದೇ ಸ್ವಾಮೀ?” ಹೌದೆಂದರೆ ಪೂರ್ತಿ ನಿಜವಾಗದು, ಅಲ್ಲವೆಂದರೆ ಸುಳ್ಳಾಗುತ್ತದೆ. ಕೌಂಟರಿನ ಮುಂದೆ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ ಕಾರಣ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಮೆಣಸು ಎಂದರೆ ಏನೆಂಬುದನ್ನು ನಾವು ಹೇಳಬೇಕಾಗಿಲ್ಲ. ಕಾಫಿಗೆ ಹೂಮಳೆ ತಪ್ಪಿದ ವರ್ಷ, ಅಡಿಕೆಗೆ ಕೊಳೆಯೋ ಎಲೆಚುಕ್ಕಿಯೋ ತಗುಲಿದ ವರ್ಷ, ಬೆಳೆಸಾಲದ ಕಂತು ಕಟ್ಟಿಸುವುದು ಮರಕ್ಕೆ ಹಬ್ಬಿಸಿದ ಆ ಬಳ್ಳಿಯೇ.

ಮುಕ್ತ ವ್ಯಾಪಾರ ಒಡಂಬಡಿಕೆ ಎಂಬ ಹೆಸರು ಹೊಸದು, ಒಳಗಿನ ವಿಚಾರ ಹಳೆಯದು. ನಮ್ಮ ಹುಟ್ಟೂರು ಯಲಬುರ್ಗಾ ಸೀಮೆಯ ಬೇವೂರು. ನಿಜಾಮರ ಕಾಲದಲ್ಲಿ ಆ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ರೋಣ, ಗದಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನೆಲ ಅದೇ ಎರೆಭೂಮಿ, ಮಾತು ಅದೇ ಕನ್ನಡ, ಬೀಗತನ ಗಡಿಯ ಆಚೆಗೂ ಈಚೆಗೂ. ಆದರೆ ಬಂಡಿಯಲ್ಲಿ ಮಾಲು ಹೇರಿಕೊಂಡು ಗಡಿ ದಾಟಬೇಕಾದರೆ ನಿಜಾಮರ ಕರೋಡಗಿರಿಯವರ ಕಟ್ಟೆಯಲ್ಲಿ ಸುಂಕ ಕೊಡಬೇಕಾಗಿತ್ತೆಂದು ಹಿರಿಯರು ಹೇಳುತ್ತಿದ್ದರು. ಕರೋಡಗಿರಿ ಎಂದರೆ ಸಂಸ್ಥಾನದ ಸುಂಕದ ಇಲಾಖೆ. ಇಬ್ಬರು ದೊರೆಗಳು ಕೂತು, “ನಿನ್ನ ಸೀಮೆಯಲ್ಲಿ ಬೆಳೆದದ್ದಕ್ಕೆ ನಮ್ಮ ಕಟ್ಟೆಯಲ್ಲಿ ಸುಂಕವಿಲ್ಲ, ನಮ್ಮದಕ್ಕೆ ನಿನ್ನ ಕಟ್ಟೆಯಲ್ಲಿ ಬೇಡ” ಎಂದು ಕರಾರು ಮಾಡಿಕೊಂಡರೆ ಅದೇ ಮುಕ್ತ ವ್ಯಾಪಾರ ಒಡಂಬಡಿಕೆ. ಉಳಿದ ಸೀಮೆಗಳ ಮಾಲಿಗೆ ಕಟ್ಟೆ ಎಂದಿನಂತೆ ಇದ್ದೇ ಇರುತ್ತದೆ. ಈ ಕೊನೆಯ ಮಾತನ್ನು ಸದಸ್ಯರು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ತೊಡಕೆಲ್ಲ ಹುಟ್ಟಿದ್ದು ಅಲ್ಲಿಯೇ.

ಇಂಥ ಕರಾರು ಎಷ್ಟು ಚಿಕ್ಕದಾಗಿರಬಹುದು, ಮತ್ತು ಎಷ್ಟು ಚಿಕ್ಕ ವಿಷಯಕ್ಕೆ ಜಗಳ ತರಬಹುದು ಎಂಬುದಕ್ಕೆ ಪೆಸಿಫಿಕ್ ಸಾಗರದ ಒಂದು ನಿದರ್ಶನವಿದೆ. ಆಸ್ಟ್ರೇಲಿಯಾದ ಉತ್ತರಕ್ಕೂ ಪೂರ್ವಕ್ಕೂ ಪಾಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ವನುವಾಟು ಎಂಬ ದ್ವೀಪರಾಷ್ಟ್ರಗಳಿವೆ. ಇವು ಮೂರೂ 1993ರಲ್ಲಿ ವ್ಯಾಪಾರದ ಒಡಂಬಡಿಕೆಯೊಂದನ್ನು ಮಾಡಿಕೊಂಡವು. ಆರಂಭದಲ್ಲಿ ಅದರಲ್ಲಿದ್ದದ್ದು ಮೂರೇ ಸರಕು: ಸಾಲೊಮನ್ನಿನ ಡಬ್ಬಿ ಮೀನು, ವನುವಾಟುವಿನ ದನದ ಮಾಂಸ, ಪಾಪುವಾ ನ್ಯೂಗಿನಿಯ ಚಹಾ. ದೇಶಕ್ಕೊಂದು. ಕೇಳಿದರೆ ನಗು ಬರುತ್ತದೆ, ಆದರೆ ನಮ್ಮ ಅಭಿಪ್ರಾಯದಲ್ಲಿ ಅದು ಬುದ್ಧಿವಂತರ ಕೆಲಸ. ಅಕ್ಕಪಕ್ಕದ ದ್ವೀಪಗಳಲ್ಲಿ ಹವೆ ಒಂದೇ, ಬೆಳೆಯೂ ಹೆಚ್ಚುಕಡಿಮೆ ಒಂದೇ. ತೆಂಗು ಬೆಳೆಯುವವನಿಗೆ ತೆಂಗು ಮಾರುವುದೆಂತು? ಹೀಗಾಗಿ ಒಬ್ಬನಲ್ಲಿ ಇದ್ದು ಇನ್ನೊಬ್ಬನಲ್ಲಿ ಇಲ್ಲದ್ದನ್ನು ಹುಡುಕಿ, ಅಷ್ಟಕ್ಕೆ ಮಾತ್ರ ಬಾಗಿಲು ತೆರೆದರು. ಪಟ್ಟಿ ಬೆಳೆದದ್ದು ಆಮೇಲೆ. 1998ರಲ್ಲಿ ಫಿಜಿ ಸೇರಿಕೊಂಡಿತು. ಫಿಜಿಯಲ್ಲಿ ಕಾರ್ಖಾನೆಗಳಿವೆ, ಬಿಸ್ಕತ್ತು ಮಾಡುತ್ತಾರೆ. 2005ರಲ್ಲಿ ವನುವಾಟು ತನ್ನ ಊರಿನ ಬಿಸ್ಕತ್ತಿಗೆ ಪೆಟ್ಟಾಗುತ್ತದೆಂದು ಫಿಜಿಯ ಬಿಸ್ಕತ್ತನ್ನು ತಡೆಯಿತು. ಸಿಟ್ಟಿಗೆದ್ದ ಫಿಜಿ ವನುವಾಟುವಿನ ಕಾವಾ ಬೇರನ್ನು ತಡೆಯಿತು. ಕಾವಾ ಎಂದರೆ ಆ ಕಡೆಯವರು ಅರೆದು ನೀರಿನಲ್ಲಿ ಕದಡಿ ಕುಡಿಯುವ ಬೇರು. ಗಿಡ ಮೆಣಸಿನ ಕುಲಕ್ಕೇ ಸೇರಿದ್ದು. ಬಿಸ್ಕತ್ತಿನ ಕಾರ್ಖಾನೆಯ ತಂಟೆಗೆ ಕಾವಾ ಬೆಳೆಯುವ ರೈತ ದಂಡ ತೆತ್ತ. ಮಾತುಕತೆಯಾಗಿ ಜಗಳ ತೀರಿತಾದರೂ, ಒಡಂಬಡಿಕೆಯ ಪೆಟ್ಟು ಮೊದಲು ಬೀಳುವುದು ಯಾರ ಮೇಲೆ ಎಂಬುದು ಅದರಿಂದ ತಿಳಿಯುತ್ತದೆ.

(ಪಾಪುವಾ ನ್ಯೂಗಿನಿಯ ಹೆಸರು ಬಂದದ್ದರಿಂದ ಒಂದು ಮಾತು. ಅಲ್ಲಿ ಕಾಫಿಯನ್ನು ಹೆಚ್ಚಾಗಿ ಬೆಳೆಯುವವರು ನಮ್ಮಂಥ ಸಣ್ಣ ಹಿಡುವಳಿದಾರರೇ. ಅಡಿಕೆಗೂ ಅಲ್ಲಿ ನಮ್ಮಲ್ಲಿಯಷ್ಟೇ ಮರ್ಯಾದೆ. ಅದನ್ನು ಬುವಾಯ್ ಎನ್ನುತ್ತಾರೆ, ಸುಣ್ಣದೊಡನೆ ಜಗಿಯುತ್ತಾರೆ. ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ ಬೀದಿಯೆಲ್ಲ ಕೆಂಪಾಗುತ್ತದೆಂದು 2013ರಲ್ಲಿ ಅದರ ಮಾರಾಟವನ್ನು ನಿಷೇಧಿಸಿದ್ದೂ ಉಂಟು.)

ಈಗ ನಮ್ಮ ನೆರೆಯ ದ್ವೀಪಕ್ಕೆ ಬರೋಣ. ಭಾರತಕ್ಕೂ ಶ್ರೀಲಂಕಾಕ್ಕೂ ಮುಕ್ತ ವ್ಯಾಪಾರ ಒಡಂಬಡಿಕೆಯಾದದ್ದು 1998ರ ಡಿಸೆಂಬರ್ 28ರಂದು. ಪ್ರಧಾನಿ ವಾಜಪೇಯಿಯವರೂ ರಾಷ್ಟ್ರಪತಿ ಚಂದ್ರಿಕಾ ಕುಮಾರತುಂಗ ಅವರೂ ನವದೆಹಲಿಯಲ್ಲಿ ರುಜು ಹಾಕಿದರು. ಜಾರಿಗೆ ಬಂದದ್ದು 2000ದ ಮಾರ್ಚ್ 1ರಿಂದ. ಭಾರತ ದೊಡ್ಡದು, ಲಂಕೆ ಚಿಕ್ಕದು. ಆದ್ದರಿಂದ ನಮ್ಮ ಸರ್ಕಾರ ಮೂರು ವರ್ಷಗಳಲ್ಲಿ ಸುಂಕ ಇಳಿಸಿ ತೆಗೆಯುವುದೆಂದೂ, ಲಂಕೆಯವರು ಎಂಟು ವರ್ಷ ತೆಗೆದುಕೊಳ್ಳಬಹುದೆಂದೂ ಮಾತಾಯಿತು. ಎರಡೂ ಕಡೆಯವರು ಒಡಂಬಡಿಕೆಗೆ ಒಳಪಡಿಸದ ಸರಕುಗಳ ಒಂದೊಂದು ಪಟ್ಟಿ ಇಟ್ಟುಕೊಂಡರು. ಇದಕ್ಕೆ ನಕಾರ ಪಟ್ಟಿ ಎನ್ನುವುದುಂಟು. ನಮ್ಮ ಪಟ್ಟಿಯಲ್ಲಿ 429 ಬಾಬುಗಳು, ಅವರದ್ದರಲ್ಲಿ 1180. ಇನ್ನು ಕೆಲವಕ್ಕೆ ಮಿತಿ ಹಾಕಿದರು. ಲಂಕೆಯ ಚಹಾ ವರ್ಷಕ್ಕೆ 1.5 ಕೋಟಿ ಕಿಲೋ ಮಾತ್ರ ರಿಯಾಯಿತಿಯಲ್ಲಿ ಬರಬಹುದು ಎಂಬಂತೆ. ಚಹಾ ತೋಟದವರ ಕೂಗು ದೆಹಲಿಯವರೆಗೆ ಕೇಳಿಸಿತ್ತು. ಮೆಣಸಿನವರ ಕೂಗು ಆ ಹೊತ್ತಿಗೆ ಕೇಳಿಸಿರಲಿಲ್ಲ. ಮೆಣಸಿಗೆ ಆಗ ಮಿತಿ ಇರಲಿಲ್ಲ.

ಇಷ್ಟರಿಂದಲೇ ನಮಗೆ ಹಾನಿಯಾಯಿತೆಂದು ಹೇಳಲು ಬರುವುದಿಲ್ಲ. ಲಂಕೆಯ ಮಾತಳೆ, ಕ್ಯಾಂಡಿ ಕಡೆಗಳಲ್ಲಿ ಮನೆಯ ಹಿತ್ತಿಲಲ್ಲಿ, ಸಣ್ಣ ತೋಟಗಳಲ್ಲಿ ಮೆಣಸು ಬೆಳೆಯುತ್ತಾರೆ. ಅದು ಖಾರದ ಕಾಳು, ಸತ್ವ ತೆಗೆಯುವ ನಮ್ಮ ದೇಶದ ಕಾರ್ಖಾನೆಗಳಿಗೆ ಅದರ ಮೇಲೆ ಆಸೆಯೂ ಉಂಟು. ಆ ದ್ವೀಪದಲ್ಲಿ ನಿಜವಾಗಿ ಬೆಳೆದಷ್ಟು ಮೆಣಸು ಬಂದರೆ ನಮ್ಮ ದೊಡ್ಡ ಪೇಟೆ ಅದನ್ನು ಅರಗಿಸಿಕೊಂಡೀತು. ತೊಡಕಿರುವುದು ಆ ದ್ವೀಪದಲ್ಲಿ ಬೆಳೆಯದೆ ಆ ದ್ವೀಪದ ಹೆಸರಿನಲ್ಲಿ ಬರುವ ಮೆಣಸಿನಲ್ಲಿ.

ಇಲ್ಲಿ ‘ಮೂಲದ ನಿಯಮ’ ಎಂಬುದನ್ನು ತಿಳಿದುಕೊಳ್ಳಬೇಕು. ಒಡಂಬಡಿಕೆಯ ಜೀವ ಇರುವುದು ಅದರಲ್ಲಿ. ಪತ್ರಿಕೆಗಳು ಬರೆಯುವುದು ಸುಂಕ ಎಷ್ಟು ಇಳಿಯಿತು ಎಂದು ಮಾತ್ರ; ಮೂಲದ ನಿಯಮದ ಬಗ್ಗೆ ಯಾರೂ ಬರೆಯುವುದಿಲ್ಲ, ಏಕೆಂದರೆ ಅದು ಓದಲು ಬೇಸರದ ವಿಷಯ. ಮತ್ತೆ ಬೇವೂರಿನ ಉದಾಹರಣೆಯನ್ನೇ ಕೊಡುತ್ತೇವೆ. ಅಲ್ಲಿಯ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಬೆಳೆಯುತ್ತಾರೆ. ಹೊಲದಿಂದ ಬಂದ ಆ ಕಾಳು ಬೇವೂರಿನದೇ ಎನ್ನಲು ಯಾರ ಅಪ್ಪಣೆಯೂ ಬೇಡ. ಅದನ್ನು ಗದಗಿನ ಗಿರಣಿಗೆ ಒಯ್ದು ಒಡೆದು ಬೇಳೆ ಮಾಡಿದರೆ ಬೇಳೆ ಬೇವೂರಿನದೋ ಗದಗಿನದೋ? ಬೇಳೆಯನ್ನು ಹಿಟ್ಟು ಮಾಡಿ, ಬೇರೆ ಊರಿನ ಎಣ್ಣೆಯಲ್ಲಿ ಕರಿದು, ಖಾರಾಸೇವು ಮಾಡಿ ಪೊಟ್ಟಣ ಕಟ್ಟಿದರೆ? ಇಂಥಲ್ಲಿ ಯಾರಾದರೂ ಗೆರೆ ಎಳೆಯಬೇಕು. ಭಾರತ–ಲಂಕಾ ಒಡಂಬಡಿಕೆಯಲ್ಲಿ ಎಳೆದ ಗೆರೆ ಹೀಗಿದೆ: ಹೊರಗಿನ ಕಚ್ಚಾ ಸಾಮಗ್ರಿ ತಂದು ಮಾಲು ಮಾಡಿದರೆ, ರಫ್ತು ಬೆಲೆಯ ನೂರಕ್ಕೆ 35ರಷ್ಟು ಮೌಲ್ಯವಾದರೂ ಆ ದೇಶದಲ್ಲೇ ಸೇರಿರಬೇಕು, ಮತ್ತು ಮಾಲು ಬೇರೆಯೇ ಸರಕೆನ್ನುವಷ್ಟು ಬದಲಾಗಿರಬೇಕು. ಭಾರತದ ಸಾಮಗ್ರಿಯನ್ನೇ ಬಳಸಿದ್ದರೆ ಲಂಕೆಯ ಪಾಲು ನೂರಕ್ಕೆ 25 ಆದರೂ ಸಾಕು, ಎರಡೂ ಕೂಡಿ 35 ಆಗಬೇಕು. ಇನ್ನು ನೆಲದಲ್ಲಿ ಬೆಳೆಯುವ ಬೆಳೆಗೆ ಲೆಕ್ಕವೇ ಬೇರೆ. ಅದು ಪೂರ್ತಿಯಾಗಿ ಆ ದೇಶದ ನೆಲದಲ್ಲೇ ಬೆಳೆದು, ಅಲ್ಲಿಯೇ ಕೊಯ್ಲಾಗಿರಬೇಕು.

ನಿಯಮ ಚೆನ್ನಾಗಿದೆ. ಆದರೆ ಗೆರೆ ಎಳೆದ ಕೂಡಲೆ ಗೆರೆಯ ಅಂಚಿನಲ್ಲಿ ಅಂಗಡಿ ಇಡುವವರು ಹುಟ್ಟುತ್ತಾರೆ. ಒಡಂಬಡಿಕೆ ಜಾರಿಯಾದ ಮೊದಲ ವರ್ಷಗಳಲ್ಲಿ ಲಂಕೆಯಿಂದ ನಮಗೆ ಹೇರಳವಾಗಿ ಬಂದ ಸರಕು ಯಾವುದು ಗೊತ್ತೇ? ತಾಮ್ರ. ಆ ದ್ವೀಪ ತಾಮ್ರದ ಗಣಿಗೆ ಹೆಸರಾದದ್ದಲ್ಲ. ಹೊರದೇಶಗಳ ಗುಜರಿ ತಾಮ್ರ ತಂದು, ಕರಗಿಸಿ, ಗಟ್ಟಿ ಮಾಡಿ ಸುಂಕವಿಲ್ಲದೆ ಭಾರತಕ್ಕೆ ಕಳಿಸುತ್ತಿದ್ದರು. ಎರಡನೆಯದು ವನಸ್ಪತಿ. ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆ ಎಣ್ಣೆಗೆ ನಮ್ಮಲ್ಲಿ ಸುಂಕ ಭಾರಿ, ಲಂಕೆಯಲ್ಲಿ ಹಗುರ. ಹೀಗಾಗಿ ನಮ್ಮ ದೇಶದ ವ್ಯಾಪಾರಸ್ಥರೇ ಅಲ್ಲಿಗೆ ಹೋಗಿ ಕಾರ್ಖಾನೆ ಹಾಕಿ, ಎಣ್ಣೆ ಹೆಪ್ಪುಗಟ್ಟಿಸಿ ಈ ಕಡೆಗೆ ಕಳಿಸಿದರು. ಕೊನೆಗೆ ವನಸ್ಪತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಮಿತಿ ಬಂತು. ಅದೇ ಏರ್ಪಾಟಿನಲ್ಲಿ ಮೆಣಸಿಗೂ ಮಿತಿ ಬಂತು: ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು.

2,500 ಟನ್ನಿನಾಚೆ ಬಾಗಿಲು ಮುಚ್ಚಿತೇ ಎಂದರೆ ಮುಚ್ಚಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಾಗಿಲಿತ್ತು. ಸಾರ್ಕ್ ದೇಶಗಳ ಮುಕ್ತ ವ್ಯಾಪಾರದ ಕರಾರಿಗೆ 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ರುಜುವಾಗಿ, 2006ರಲ್ಲಿ ಅದು ಜಾರಿಗೆ ಬಂದಿತ್ತು. ಇದನ್ನೇ ಸಾಫ್ಟಾ ಎನ್ನುವುದು. ಮಿತಿ ಮೀರಿದ ಮೆಣಸನ್ನು ಸಾಫ್ಟಾದ ಅಡಿಯಲ್ಲಿ ನೂರಕ್ಕೆ 8ರ ಸುಂಕ ಕೊಟ್ಟು ತರಬಹುದಾಯಿತು.

ಈಗ ವಿಯೆಟ್ನಾಮಿನ ಕಥೆ. ಜಗತ್ತಿನಲ್ಲಿ ಇಂದು ಅತಿ ಹೆಚ್ಚು ಮೆಣಸು ಬೆಳೆಯುವ, ಅತಿ ಹೆಚ್ಚು ಮಾರುವ ದೇಶ ಅದು. ವಿಯೆಟ್ನಾಂ ಸೇರಿರುವ ಆಸಿಯಾನ್ ಕೂಟದ ಸಂಗಡವೂ ನಮಗೆ ಒಡಂಬಡಿಕೆಯಿದೆ. 2009ರಲ್ಲಿ ರುಜುವಾಗಿ 2010ರ ಜನವರಿಯಿಂದ ಜಾರಿಗೆ ಬಂದದ್ದು. ಅದನ್ನು ಮಾಡುವಾಗ ನಮ್ಮವರು ಎಚ್ಚರವಹಿಸಿದ್ದರು ಎಂಬುದನ್ನು ಒಪ್ಪಬೇಕು. ಕಾಫಿ, ಚಹಾ, ಮೆಣಸು, ತಾಳೆ ಎಣ್ಣೆಗಳನ್ನು ವಿಶೇಷ ಸರಕುಗಳೆಂದು ಬೇರೆ ಇಟ್ಟು, ಹತ್ತು ವರ್ಷಗಳಲ್ಲಿ ಕಾಫಿಯ ಸುಂಕವನ್ನು 100ರಿಂದ 45ಕ್ಕೆ, ಮೆಣಸಿನದನ್ನು 70ರಿಂದ 50ಕ್ಕೆ ಮಾತ್ರ ಇಳಿಸಲು ಒಪ್ಪಿದರು. ಅಂದರೆ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ನೂರಕ್ಕೆ ಐವತ್ತು ಅಥವಾ ಅದಕ್ಕೂ ಮೇಲೆ ಸುಂಕ.

ಲೆಕ್ಕ ಹಾಕಿ ನೋಡೋಣ. ತಿಳಿಯಲು ಸುಲಭವಾಗಲೆಂದು ಬಂದರಿಗೆ ಬಂದ ಮೆಣಸಿನ ಬೆಲೆ ಕಿಲೋಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ವಿಯೆಟ್ನಾಮಿನಿಂದ ನೇರ ಬಂದರೆ ಸುಂಕ ಸೇರಿ 450 ಆಯಿತು. ಅದೇ ಕಾಳು ಲಂಕೆಯಲ್ಲಿ ಇಳಿದು, ಗೋಣಿ ಬದಲಾಯಿಸಿ, ಲಂಕೆಯ ಮೂಲಪತ್ರ ಹೊತ್ತು ಸಾಫ್ಟಾದಲ್ಲಿ ಬಂದರೆ 324. ಸುಂಕವಿಲ್ಲದ ಮಿತಿಯೊಳಗೆ ಬಂದರೆ 300. ಹತ್ತು ಟನ್ನಿನ ಒಂದು ಲೋಡಿಗೆ ಹದಿನೈದು ಲಕ್ಷ ರೂಪಾಯಿ ಉಳಿತಾಯ. ಹದಿನೈದು ಲಕ್ಷಕ್ಕೆ ಗೋಣಿಯ ಮೇಲಿನ ಅಚ್ಚು ಬದಲಾಯಿಸಲು ಜನ ಸಿಕ್ಕುವುದಿಲ್ಲವೇ?

ನಿಯಮದ ಪ್ರಕಾರ ಆ ಮೆಣಸಿಗೆ ರಿಯಾಯಿತಿಯೇ ಇಲ್ಲ. ಅದು ಲಂಕೆಯ ನೆಲದಲ್ಲಿ ಬೆಳೆದದ್ದಲ್ಲ. ತಾಮ್ರವನ್ನಾದರೂ ಕರಗಿಸಿದ್ದರು, ಎಣ್ಣೆಯನ್ನಾದರೂ ಹೆಪ್ಪುಗಟ್ಟಿಸಿದ್ದರು. ಮೆಣಸನ್ನು ಜರಡಿ ಹಿಡಿದು ಚೀಲ ಬದಲಾಯಿಸಿದರೆ ಅದು ಮೆಣಸೇ. ಅಂದರೆ ಒಡಂಬಡಿಕೆಯ ಒಕ್ಕಣೆ ನಮ್ಮ ಪರವಾಗಿಯೇ ಇದೆ. ಆದರೆ ಕಾಳಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಬಂದರಿನ ಅಧಿಕಾರಿಯ ಮುಂದಿರುವುದು ಒಂದು ಕಾಗದ, ಅದರ ಮೇಲೊಂದು ಮೊಹರು. ನಮ್ಮ ಬೆಲೆಯನ್ನು ಕಾಯುವ ಬೇಲಿ ಆ ಕಾಗದವೇ.

2014ರಿಂದ 2016ರವರೆಗೆ ಮೆಣಸು ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿ ಸುಳಿದಾಡಿದ್ದು ಎಲ್ಲರಿಗೂ ನೆನಪಿದೆ. ಆ ಬೆಲೆ ನಂಬಿ ಕೆಲವರು ಮನೆ ಕಟ್ಟಿದರು, ಕೆಲವರು ಮಗಳ ಮದುವೆ ಮಾಡಿದರು. 2018–19ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. 2017ರಲ್ಲಿ ಕೊಡಗಿನ ಗೋಣಿಕೊಪ್ಪ ಮಾರುಕಟ್ಟೆಗೆ ವಿಯೆಟ್ನಾಂ ಮೆಣಸು ಬಂದ ಸುದ್ದಿ ಹಬ್ಬಿ ಬೆಳೆಗಾರರು ಬೀದಿಗಿಳಿದರು. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬೆಲೆ ಬಿದ್ದುದಕ್ಕೆ ಲಂಕೆಯ ದಾರಿಯೊಂದೇ ಕಾರಣವೆನ್ನಲಾಗದು. ವಿಯೆಟ್ನಾಮಿನಲ್ಲಿ ಆ ಏರುಬೆಲೆಗೆ ಮರುಳಾಗಿ ನೆಟ್ಟ ಬಳ್ಳಿಗಳೆಲ್ಲ ಒಮ್ಮೆಗೇ ಫಸಲಿಗೆ ಬಂದು ಜಗತ್ತಿನ ಪೇಟೆಯೇ ಕುಸಿದಿತ್ತು. ಒಡಂಬಡಿಕೆ ಇಲ್ಲದಿದ್ದರೂ ನಮ್ಮ ಬೆಲೆ ಇಳಿಯುತ್ತಿತ್ತು. ಆದರೆ ಐವತ್ತರ ಸುಂಕದ ಕಟ್ಟೆ ಗಟ್ಟಿಯಾಗಿದ್ದರೆ ಆ ಇಳಿತ ನಮ್ಮ ಅಂಗಳಕ್ಕೆ ಅಷ್ಟು ಬೇಗ, ಅಷ್ಟು ರಭಸದಿಂದ ನುಗ್ಗುತ್ತಿರಲಿಲ್ಲ.

ಇದರ ಪೆಟ್ಟು ತೋಟದ ಯಜಮಾನನೊಬ್ಬನಿಗೇ ಬೀಳುವುದಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗುಳೆ ಹೊರಟು ಕೆಲಸ ಹುಡುಕುವ ಕುಟುಂಬಗಳಲ್ಲಿ ಕೆಲವು ಮಲೆನಾಡಿನ ತೋಟಗಳಿಗೂ ಬರುತ್ತವೆ. ಕಾಫಿ ಕೊಯ್ಲು ಮುಗಿದ ಮೇಲೆ ಮೆಣಸಿನ ಕೊಯ್ಲಿದ್ದರೆ ಅವರಿಗೆ ಇನ್ನೊಂದಷ್ಟು ದಿನದ ಕೂಲಿ. ಬೆಲೆ ಬಿದ್ದ ವರ್ಷ ಎತ್ತರದ ಬಳ್ಳಿಗೆ ಏಣಿ ಹಾಕಿ ಕೊಯ್ಯಿಸುವುದೇ ನಷ್ಟವೆಂದು ಯಜಮಾನ ಕೈಬಿಟ್ಟರೆ ಅವರು ಮುಂಚೆಯೇ ಊರಿನ ಬಸ್ಸು ಹತ್ತಬೇಕಾಗುತ್ತದೆ. ಬೇವೂರಿನ ಮನೆಯೊಂದರ ಖರ್ಚಿನ ಲೆಕ್ಕ ಕೊಲಂಬೊ ಬಂದರಿನ ಒಂದು ಮೊಹರಿಗೆ ತಗುಲಿಕೊಂಡಿದೆ ಎಂದರೆ ಅದು ಬರಿಯ ಮಾತಲ್ಲ.

ಬೆಳೆಗಾರರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡಿತು: ಕಿಲೋಗೆ 500 ರೂಪಾಯಿ. 2018ರ ಮಾರ್ಚಿನಲ್ಲಿ ಆದೇಶವನ್ನು ಬಿಗಿಗೊಳಿಸಿ, ಅದಕ್ಕಿಂತ ಕಡಿಮೆ ಬೆಲೆಯ ಮೆಣಸಿನ ಆಮದನ್ನೇ ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಅದು ಎಲ್ಲ ದಾರಿಯ ಮೇಲೂ ಒಂದೇ ಬಲದಿಂದ ಕೆಲಸ ಮಾಡುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. 300 ರೂಪಾಯಿಯ ಮೆಣಸಿಗೆ ಬಿಲ್ಲಿನಲ್ಲಿ 500 ಎಂದು ಬರೆಸಿದನೆನ್ನಿ. ನೇರ ದಾರಿಯಲ್ಲಿ ಬಂದವನು ಆ 500ರ ಮೇಲೆ ಐವತ್ತರಂತೆ 250 ರೂಪಾಯಿ ಸುಂಕ ಕಟ್ಟಬೇಕು. ಸುಳ್ಳು ಬರೆಸಿದರೆ ಅವನ ಜೇಬಿಗೇ ಕತ್ತರಿ. ಸುಂಕವಿಲ್ಲದ ದಾರಿಯಲ್ಲಿ ಬಂದವನಿಗೆ ಎಷ್ಟು ಬರೆಸಿದರೂ ಸೊನ್ನೆಯೇ. ಆದ್ದರಿಂದ ಕನಿಷ್ಠ ಬೆಲೆಯ ಕಟ್ಟಳೆ ಬಿಗಿಯಾಗಿರುವುದು ಎಲ್ಲಿ ಸುಂಕ ಮೊದಲೇ ಬಿಗಿಯಾಗಿದೆಯೋ ಅಲ್ಲಿ. ಸಡಿಲವಾಗಿರುವುದು ನಮಗೆ ಬೇಕಾದ ಕಡೆಯಲ್ಲೇ. ಅಲ್ಲದೆ ಒಳಗಿನ ಧಾರಣೆ 600 ದಾಟಿದಾಗ 500ರ ಕಟ್ಟೆ ಮೊಳಕಾಲೆತ್ತರದ ಗೋಡೆಯಾಗುತ್ತದೆ. ಇದನ್ನು ಕಾಲಕಾಲಕ್ಕೆ ಏರಿಸಬೇಕೆಂದು ಕೇಳುವುದು ನ್ಯಾಯವೆಂದು ನಾವು ತಿಳಿದಿದ್ದೇವೆ.

ಅಡಿಕೆಯ ವಿಷಯ ಬೇಗ ಮುಗಿಸುತ್ತೇವೆ, ಏಕೆಂದರೆ ರೋಗ ಅದೇ. ಅಡಿಕೆಗೆ ನಮ್ಮ ಸುಂಕ ನೂರಕ್ಕೆ ನೂರು. ಕ್ಯಾಂಪ್ಕೋ ಮೊದಲಾದ ಬೆಳೆಗಾರರ ಸಂಸ್ಥೆಗಳು ಕೇಳುತ್ತಲೇ ಬಂದುದರಿಂದ ಕನಿಷ್ಠ ಆಮದು ಬೆಲೆ 2017ರಲ್ಲಿ ಕಿಲೋಗೆ 251 ರೂಪಾಯಿಗೂ, 2023ರ ಫೆಬ್ರವರಿಯಲ್ಲಿ 351ಕ್ಕೂ ಏರಿತು. ಆದರೂ ಇಂಡೋನೇಷ್ಯಾದಲ್ಲಿ ಬೆಳೆದ ಅಡಿಕೆ ನೆರೆ ದೇಶಗಳ ದಾರಿ ಹಿಡಿದು ಬಂದ ಪ್ರಕರಣಗಳನ್ನು ಕೇಂದ್ರದ ತನಿಖಾ ಸಂಸ್ಥೆಗಳು ಹಿಡಿದಿವೆ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಜೈಗಾಂವ್ ಗಡಿಯ ಮೂಲಕ ಬರಬಹುದೆಂದು 2022ರಲ್ಲಿ ಆದೇಶವಾದಾಗ ನಮ್ಮ ಕಡೆ ಗುಲ್ಲೆದ್ದಿತು. ನಮ್ಮ ಮಟ್ಟಿಗೆ ಆ 17,000 ಟನ್ನು ದೊಡ್ಡ ಭಯದ ವಿಷಯವಲ್ಲ. ಅದು ಹಸಿ ಕಾಯಿ, ಒಂದೇ ಗಡಿ, ಅಳತೆಗೆ ಸಿಕ್ಕುವ ಮಾಲು. ಅಳತೆಗೆ ಸಿಕ್ಕದೆ ಒಣಗಿದ ಗೋಟಾಗಿ ಬರುವುದಕ್ಕೆ ಹೆದರಬೇಕು.

ಕಾಫಿಗೆ ಲಂಕೆಯಿಂದ ಭಯವಿಲ್ಲ. ಅದಕ್ಕೆ ಕಾರಣ ಒಡಂಬಡಿಕೆಯಲ್ಲ, ಒಂದು ರೋಗ. ಒಂದು ಕಾಲದಲ್ಲಿ ಆ ದ್ವೀಪ ಕಾಫಿಗೇ ಹೆಸರಾಗಿತ್ತು. 1869ರಲ್ಲಿ ಎಲೆತುಕ್ಕು ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ತೋಟಗಳು ಬೋಳಾದವು. ಅಲ್ಲಿಯ ದೊರೆಗಳು ಚಹಾ ಹಾಕಿದರು. ಅದೇ ತುಕ್ಕು ನಮ್ಮ ಕಡೆಗೂ ಬಂತು, ಯಾವ ಮೂಲಪತ್ರವನ್ನೂ ತೋರಿಸದೆ.

ಮೂಲಪತ್ರದ ವಿಷಯದಲ್ಲಿ ಸರ್ಕಾರ ಕೈಕಟ್ಟಿ ಕೂತಿದೆ ಎಂದು ದೂರುವ ಸದಸ್ಯರು 2020ರ ಬದಲಾವಣೆಯನ್ನು ತಿಳಿದಿರಬೇಕು. ಆ ವರ್ಷ ಕಸ್ಟಮ್ಸ್ ಕಾಯಿದೆಗೆ ಒಂದು ಹೊಸ ಕಲಮು ಸೇರಿತು. ಅದರ ಮೇಲೆ ಮಾಡಿದ ನಿಯಮಗಳು ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು. ಮೊದಲು ಆಮದುದಾರ ಹೊರದೇಶದ ಅಧಿಕಾರಿಯ ಮೊಹರಿರುವ ಪತ್ರ ತೋರಿಸಿ, “ಇದು ಅವರು ಕೊಟ್ಟದ್ದು, ನನಗೇನು ಗೊತ್ತು” ಎಂದು ಜಾರಿಕೊಳ್ಳಬಹುದಾಗಿತ್ತು. ಈಗ ಹಾಗಿಲ್ಲ. ಮಾಲು ಆ ದೇಶದಲ್ಲಿ ಹೇಗೆ, ಯಾರಿಂದ ಉತ್ಪತ್ತಿಯಾಯಿತು ಎಂಬ ವಿವರವನ್ನು ಆಮದುದಾರನೇ ಮುಂಚಿತವಾಗಿ ಪಡೆದು, ಐದು ವರ್ಷ ಕಾದಿಟ್ಟುಕೊಂಡಿರಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಒಪ್ಪಿಸಬೇಕು. ಅದರಿಂದ ಸಮಾಧಾನವಾಗದಿದ್ದರೆ ಪತ್ರ ಕೊಟ್ಟ ದೇಶವನ್ನೇ ವಿಚಾರಿಸುವ ಅಧಿಕಾರ ನಮ್ಮ ಇಲಾಖೆಗೆ ಉಂಟು. ತಿಳಿಸುವ ಹೊಣೆ ಸರ್ಕಾರದ ಹೆಗಲಿನಿಂದ ಆಮದುದಾರನ ಹೆಗಲಿಗೆ ಬಂದದ್ದು ಸಣ್ಣ ವಿಷಯವಲ್ಲ. ಆದರೆ ಅಧಿಕಾರಿ ಕೇಳಬೇಕಾದರೆ ಅವನಿಗೆ ಸಂಶಯ ಬರಬೇಕು. ಸಂಶಯ ಬರಬೇಕಾದರೆ ಯಾರಾದರೂ ಸುಳಿವು ಕೊಡಬೇಕು. ಯಾವ ತಿಂಗಳಲ್ಲಿ ಯಾವ ಬಂದರಿಗೆ ಎಷ್ಟು ಬಂತು, ಲಂಕೆಯಲ್ಲಿ ಆಗ ಕೊಯ್ಲಿನ ಕಾಲವೇ, ಪೇಟೆಯಲ್ಲಿ ಸಿಕ್ಕುವ ಅಗ್ಗದ ಕಾಳಿನ ರೂಪವೇನು, ಲೀಟರ್ ತೂಕವೆಷ್ಟು ಎಂಬ ವಿವರಗಳನ್ನು ಕೂಡಿಸಿ ಕೊಡುವುದು ಒಂಟಿ ಬೆಳೆಗಾರನಿಂದ ಆಗುವ ಕೆಲಸವಲ್ಲ, ಸಂಘದ ಕೆಲಸ.

ಲಂಕೆಯ ಬೆಳೆಗಾರನನ್ನು ನಮ್ಮ ವೈರಿಯೆಂದು ಬಗೆಯುವುದೂ ಸರಿಯಲ್ಲ. ವಿಯೆಟ್ನಾಂ ಕಾಳು ಅವನ ದ್ವೀಪದ ಹೆಸರಿನಲ್ಲಿ ಇಲ್ಲಿಗೆ ಬಂದಾಗ ಅವನ ಸರಕಿಗಾಗಿ ಇಟ್ಟಿದ್ದ 2,500 ಟನ್ನಿನ ಜಾಗವನ್ನು ಇನ್ನೊಬ್ಬನು ಕಬಳಿಸಿದಂತಾಯಿತು. ಅವನ ಖಾರದ ಕಾಳಿನ ಹೆಸರೂ ಕೆಟ್ಟಿತು. ಮೂಲದ ನಿಯಮ ಬಿಗಿಯಾದರೆ ಲಾಭ ಎರಡೂ ದಡದ ಬೆಳೆಗಾರರಿಗೆ. ಹೊಸ, ವಿಸ್ತಾರವಾದ ಒಡಂಬಡಿಕೆಗಾಗಿ ಉಭಯ ದೇಶಗಳ ನಡುವೆ 2016ರಿಂದ ಹಲವು ಸುತ್ತು ಮಾತುಕತೆ ನಡೆದಿದೆ. ಮಾಲ್ಡೀವ್ಸ್ ದ್ವೀಪರಾಷ್ಟ್ರದೊಡನೆ ಮುಕ್ತ ವ್ಯಾಪಾರದ ಮಾತುಕತೆ ನಡೆಸಲು 2025ರ ಜುಲೈನಲ್ಲಿ ಒಪ್ಪಿಗೆಯಾಯಿತು. ಮಾಲ್ಡೀವ್ಸಿನವರು ಊಟದ ನಂತರ ಅಡಿಕೆ ಜಗಿಯುವ ಜನ, ತೋಟ ಮಾಡಲು ಅವರಲ್ಲಿ ನೆಲವಿಲ್ಲ. ಆ ಮಾತುಕತೆಯಿಂದ ನಮಗೆ ಮಾರಾಟದ ಅವಕಾಶವೇ ಒದಗಬಹುದು. ಎಲ್ಲ ಒಡಂಬಡಿಕೆಗೂ ಕಣ್ಣು ಮುಚ್ಚಿ ಬೇಡವೆನ್ನುವ ಠರಾವು ಮಾಡುವುದಕ್ಕಿಂತ ನಕಾರ ಪಟ್ಟಿಯಲ್ಲಿ ಮೆಣಸು, ಅಡಿಕೆ ಇವೆಯೇ, ಮಿತಿ ಎಷ್ಟು, ಮೂಲದ ನಿಯಮದ ಒಕ್ಕಣೆ ಏನು ಎಂಬ ಮೂರನ್ನು ಕೇಳಿ ಬರೆಯುವುದು ಮೇಲು ಎಂಬುದು ನಮ್ಮ ಎಣಿಕೆ. ದೆಹಲಿಯಲ್ಲಿ ಕೂತವರಿಗೆ ಉತ್ತರ ಕೊಡಲೇಬೇಕಾಗುವುದು ಇಂಥ ಪ್ರಶ್ನೆಗಳಿಗೆ.

ಕೊನೆಯದಾಗಿ ನಮ್ಮ ಮನೆಯ ವಿಷಯ. ಪರರ ಮೂಲಪತ್ರ ಸುಳ್ಳೆಂದು ವಾದಿಸಬೇಕಾದರೆ ನಮ್ಮ ಮಾಲಿನ ಮೂಲ ನಮ್ಮ ಕೈಯಲ್ಲಿರಬೇಕು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೂ, ಶಿರಸಿಯ ಅಡಿಕೆಗೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಗುರುತಿಗೆ ಬೆಲೆ ಬರುವುದು ಚೀಲ ಚೀಲಕ್ಕೂ ದಾಖಲೆ ಇದ್ದಾಗ. ನಮ್ಮಲ್ಲಿ ಮೆಣಸನ್ನು ಕಣದಿಂದ ನೇರ ಹಳ್ಳಿಯ ವ್ಯಾಪಾರಿಗೆ ಕೊಟ್ಟು, ಚೀಟಿಯಿಲ್ಲದೆ ನಗದು ಎಣಿಸಿಕೊಂಡು ಬರುವ ರೂಢಿ ಇನ್ನೂ ಇದೆ. ಹಾಗೆ ಹೋದ ಕಾಳು ಮುಂದೆ ಯಾವ ಕಾಳಿನೊಡನೆ ಬೆರೆಯಿತೆಂದು ಕೇಳುವವರೇ ಇಲ್ಲ. ಬೆರೆಸುವವನಿಗೆ ಬೇಕಾದದ್ದೂ ಅದೇ. ಈ ಕೊಯ್ಲಿನಿಂದ ಸಂಘದ ವಖಾರಿಗೆ ಮೆಣಸು ತರುವ ಸದಸ್ಯರು ಚೀಲದ ಮೇಲೆ ಸದಸ್ಯತ್ವದ ನಂಬರು, ಊರು, ಕೊಯ್ದ ತಿಂಗಳು ಬರೆಸಿ, ತೂಕದ ಪಟ್ಟಿಯಲ್ಲಿ ತೇವಾಂಶವನ್ನೂ ಲೀಟರ್ ತೂಕವನ್ನೂ ನಮೂದಿಸಿಕೊಂಡು ಹೋಗಬೇಕಾಗಿ ಕೋರುತ್ತೇವೆ. ಹೊರಗೆ ಮಾರುವವರು ಪಟ್ಟಿಯ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟರೆ ನಮ್ಮ ರಿಜಿಸ್ಟರಿನಲ್ಲಿ ಏರಿಸಿಕೊಳ್ಳುತ್ತೇವೆ. ಪೇಟೆಯಲ್ಲಿ ಧಾರಣೆಗೆ ಹೊಂದದಷ್ಟು ಅಗ್ಗದ ಮಾಲು ಕಂಡವರು ಅಂಗೈಯಷ್ಟು ಮಾದರಿ ಕಾಳು, ಕಂಡ ತಾರೀಕು, ಹೇಳಿದ ಬೆಲೆ, ಇಷ್ಟನ್ನು ತಂದುಕೊಡಲಿ.